ಕಿವಿ ಒಣಗಿದ ವಾರ

ನನಗೆ ಹೇಸಿಗೆ ಬೇಗ ಆಗುತ್ತದೆ. ಹುಟ್ಟಿನಿಂದಲೇ ಬಂದ ಗುಣ. ಬೇರೆಯವರು ಕುಡಿದಿಟ್ಟ ಲೋಟವನ್ನು ಹಾಗೇ ಮುಟ್ಟಲಾರೆ. ಬಸ್ಸಿನಲ್ಲಿ ಪಕ್ಕದವರ ತಲೆಯೆಣ್ಣೆ ನಾತ ಹೊಡೆದರೆ ಎರಡು ಸ್ಟಾಪು ಮೊದಲೇ ಇಳಿದು ನಡೆದುಬಿಡುತ್ತೇನೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ನನ್ನನ್ನು ಹೊಲಿಗೆಯಿಂದ ಎಬ್ಬಿಸಿ ಚೆಕ್ಕಿಂಗ್ ಟೇಬಲ್ಲಿಗೆ ಹಾಕಿದ್ದೂ ಈ ಗುಣ ನೋಡಿಯೇ ಇರಬೇಕು. ಹೊಲಿದು ಬಂದ ಶರ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಲೆ, ಬಿಟ್ಟ ಹೊಲಿಗೆ, ಎಳೆದುಕೊಂಡ ದಾರ ಏನಿದ್ದರೂ ಹುಡುಕಿ, ಅದರ ಪಕ್ಕದಲ್ಲಿ ಬಾಣದ ಗುರುತಿರುವ ಕೆಂಪು ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ಕಲೆ ಕಂಡರೆ ಮೂಸಿಯೂ ನೋಡುತ್ತಿದ್ದೆ. ಮಷೀನಿನ ಎಣ್ಣೆಯೋ, ಟೀಯೋ, ತುಕ್ಕೋ ಎಂದು ಗೊತ್ತಾದರೆ ಯಾವುದರಲ್ಲಿ ತೊಳೆಯಬೇಕೆಂದು ಹೇಳುವುದು ಸುಲಭ. ಟೈಲರುಗಳು ಹಿಂದಿನಿಂದ ‘ಬಂತಪ್ಪ ಮೂಗು’ ಎನ್ನುತ್ತಿದ್ದರು. ನನಗೆ ಅದರಲ್ಲಿ ಒಳಗೊಳಗೇ ಜಂಬ.

ಹೊಸೂರು ರಸ್ತೆಯುದ್ದಕ್ಕೂ ಫ್ಲೈಓವರಿನ ಕಂಬಗಳು ಏಳುತ್ತಿದ್ದ ಕಾಲ ಅದು. ಎಲ್ಲಿ ನೋಡಿದರೂ ಸಿಮೆಂಟಿನ ಧೂಳು. ಫ್ಯಾಕ್ಟರಿಯ ಹಿಂದಿನ ಗಲ್ಲಿಯಲ್ಲಿ ಶೀಟಿನ ಮಾಡಿನ ಎಂಟು ರೂಮುಗಳ ಸಾಲು, ಎಂಟಕ್ಕೂ ಸೇರಿ ಎರಡು ಬಚ್ಚಲು. ಅದರಲ್ಲೊಂದು ರೂಮಿನಲ್ಲಿ ನಾನೂ ಕೊಪ್ಪಳದ ಕಡೆಯ ಒಬ್ಬ ಹುಡುಗಿಯೂ ಇದ್ದೆವು. ನನಗಿಂತ ಆರೇಳು ವರ್ಷ ಚಿಕ್ಕವಳು. ಫ್ಯಾಕ್ಟರಿಯಲ್ಲೂ ನಮ್ಮದೇ ಲೈನಿನಲ್ಲಿ, ಅಂದರೆ ಮಷೀನುಗಳ ಅದೇ ಸಾಲಿನಲ್ಲಿ, ಕಾಲರ್ ಹೊಲಿಯುತ್ತಿದ್ದಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ರೊಟ್ಟಿ ತಟ್ಟುವಾಗಲೂ, ಬಟ್ಟೆ ಒಗೆಯುವಾಗಲೂ, ಬಚ್ಚಲಿನ ಸಾಲಿನಲ್ಲಿ ನಿಂತಾಗಲೂ ಮಾತು. ಮಾತಿಗಾಗಿ ಅವಳನ್ನು ಎಷ್ಟೋ ಸಲ ಗದರಿದ್ದೇನೆ.

ಅವಳು ಬಂದು ತಿಂಗಳಾಗಿರಬೇಕು, ಓನರಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆ ರೂಮುಗಳಿರುವ ಜಾಗದಲ್ಲಿ ಹಿಂದೆ ತಾವೇ ರಾಗಿ ಬೆಳೆಯುತ್ತಿದ್ದೆವೆಂದು ದಿನಕ್ಕೊಂದು ಸಲವಾದರೂ ನೆನಪಿಸುವ ಹೆಂಗಸು.

“ಏನಮ್ಮಾ, ನಿಮ್ ರೂಮಲ್ಲಿ ಇಲಿ ಗಿಲಿ ಸತ್ತೈತಾ? ಇಂಗ್ ನಾರ್ತೈತಲ್ಲ.”

ನನಗೂ ಕೆಲವು ದಿನಗಳಿಂದ ಅದೇ ಅನುಮಾನ. ಟ್ರಂಕು ಸರಿಸಿ, ಅಕ್ಕಿ ಡಬ್ಬ ಎತ್ತಿ, ಮೂಲೆ ಮೂಲೆ ಗುಡಿಸಿದೆ. ಇಲಿ ಸಿಗಲಿಲ್ಲ. ಆ ಹುಡುಗಿ ಗೋಡೆಗೆ ಒರಗಿ ನನ್ನ ಹುಡುಕಾಟ ನೋಡುತ್ತ ಕುಳಿತಿದ್ದವಳು ಕಡೆಗೆ ತಾನೇ ಹೇಳಿದಳು.

“ಅಕ್ಕಾ, ಅದು ನನ್ನ ಕಿವಿ ನಾತ. ಸಣ್ಣಾಕಿ ಇದ್ದಾಗಿಂದ ಸೋರತೈತಿ. ಊರಾಗ ಅವ್ವ ಬೆಳ್ಳುಳ್ಳಿ ಹಾಕಿ ಎಣ್ಣಿ ಕಾಸಿ ಬಿಡ್ತಿದ್ಲು. ಒಂದೀಟು ದಿನ ನಿಲ್ಲತೈತಿ, ಮತ್ತ ಸುರು ಆಗತೈತಿ.”

ಎಡಗಿವಿಯ ಹತ್ತಿ ತೆಗೆದು ತೋರಿಸಿದಳು. ಜಾಸ್ತಿ ಏನಿರಲಿಲ್ಲ, ಹತ್ತಿಯ ತುದಿಯಲ್ಲಿ ಬೂದು ಮಿಶ್ರಿತ ಹಳದಿಯ ಒಂದಿಷ್ಟು ಲೋಳೆ. ಆದರೆ ಆ ವಾಸನೆ! ಹೊರಗೆ ಹೋಗಿ ಮೋರಿಯ ಹತ್ತಿರ ಕಕ್ಕಿದೆ. ಅಂದಿನಿಂದ ಅವಳ ಚೊಂಬು ಬೇರೆ, ದಿಂಬು ಬೇರೆ, ಒಗೆದ ಬಟ್ಟೆ ಒಣಗಿಸುವ ದಾರವೂ ಬೇರೆ. ಒಂದು ಬೆಳಿಗ್ಗೆ ಅವಳ ದಿಂಬಿನ ಕಲೆಯ ಪಕ್ಕದಲ್ಲಿ ಫ್ಯಾಕ್ಟರಿಯ ಕೆಂಪು ಬಾಣವೊಂದನ್ನು ಅಂಟಿಸಿಟ್ಟೆ. ತಮಾಷೆ ಎಂದುಕೊಂಡಿದ್ದೆ. ಅವಳು ನಕ್ಕಳು ಕೂಡ. ಆ ನಗುವನ್ನು ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನಿಸುತ್ತದೆ.

ಕಿವಿಯ ಡಾಕ್ಟರಿಗೆ ತೋರಿಸೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕಿವಿ ಸೋರುವುದನ್ನು ನೆಗಡಿಯಂತೆ ಒಂದು ಸಣ್ಣ ಸಂಗತಿ ಎಂದೇ ತಿಳಿದಿದ್ದೆವು. ಗಲೀಜು ನಿಜ, ರೋಗವೇನಲ್ಲ.

ಹಾಗಿರುವಾಗ ಫ್ಯಾಕ್ಟರಿಗೆ ಬಿಳಿ ಶರ್ಟಿನ ಆರ್ಡರ್ ಬಂತು. ಬಿಳಿ ಬಟ್ಟೆ ಎಂದರೆ ಇಡೀ ಲೈನಿಗೇ ಭಯ. ಒಂದು ಮಧ್ಯಾಹ್ನ ನನ್ನ ಟೇಬಲ್ಲಿಗೆ ಬಂದ ಕಾಲರ್ ಒಂದರ ಮೇಲೆ ಕಡಲೆಕಾಳಿನಷ್ಟು ಹಳದಿ ಕಲೆ. ಎಣ್ಣೆಯಲ್ಲ, ಟೀಯಲ್ಲ. ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದೆ. ಇದು ನಮ್ಮ ರೂಮಿನ ವಾಸನೆ. ತಲೆ ಎತ್ತಿ ನೋಡಿದರೆ ಅವಳು ಎಡಗಿವಿಯನ್ನು ಭುಜಕ್ಕೆ ಉಜ್ಜಿಕೊಳ್ಳುತ್ತ ಹೊಲಿಯುತ್ತಿದ್ದಾಳೆ. ಸೂಪರ್‌ವೈಸರಿಗೆ ಹೇಳಿದ್ದರೆ ಅವತ್ತೇ ಅವಳನ್ನು ಗೇಟಿನಿಂದ ಹೊರಗೆ ಕಳಿಸುತ್ತಿದ್ದರು. ಹೇಳಲಿಲ್ಲ. ಬಾಣ ಅಂಟಿಸಿ ತೊಳೆಯಲು ಕಳಿಸಿದೆ. ರೂಮಿಗೆ ಹೋದ ಮೇಲೆ ಮಾತ್ರ ಬಾಯಿಗೆ ಬಂದಂತೆ ಬೈದೆ.

“ಕೆಲಸ ಹೋಗತ್ತೆ ಕಣೇ ನಿಂದು. ಆ ಕಿವಿನ ಒಣಗಿಸ್ಕೊ, ಇಲ್ಲಾ ಊರಿಗೆ ಹೋಗು.”

“ಹ್ಯಾಂಗ ಒಣಗಿಸ್ಲಿ ಅಕ್ಕಾ, ನೀನಽ ಹೇಳು.”

ಹೇಳಿದೆ. ಶರ್ಟುಗಳನ್ನು ಪ್ಯಾಕ್ ಮಾಡುವಾಗ ಬೂಷ್ಟು ಹಿಡಿಯದಿರಲೆಂದು ಕವರಿನೊಳಗೆ ಒಂದು ಪುಟ್ಟ ಪೊಟ್ಟಣ ಇಡುತ್ತಾರೆ. ಒಳಗೆ ಸಬ್ಬಕ್ಕಿಯಂಥ ಗಾಜುಗಾಜಿನ ಕಾಳು. ಅದಕ್ಕೆ ನಾವು ಜೆಲ್ ಎನ್ನುತ್ತಿದ್ದೆವು. ತೇವ ಹೀರುವುದೇ ಅದರ ಕೆಲಸ. ಫ್ಯಾಕ್ಟರಿಯ ಹೆಂಗಸರೆಲ್ಲ ಅದನ್ನು ಒಂದೊಂದಾಗಿ ಮನೆಗೆ ತಂದು ಉಪ್ಪಿನ ಡಬ್ಬಕ್ಕೆ, ಖಾರದಪುಡಿಗೆ, ರೇಷ್ಮೆ ಸೀರೆಯ ಮಡಿಕೆಗೆ ಹಾಕಿಡುತ್ತಿದ್ದರು. ನಮ್ಮ ಉಪ್ಪಿನ ಡಬ್ಬದಲ್ಲೂ ಎರಡಿದ್ದವು. ಉಪ್ಪು ನೀರೊಡೆಯದಂತೆ ಇಡುವ ವಸ್ತು ಕಿವಿಯನ್ನು ಒಣಗಿಸದೇ? ಇದು ನನ್ನ ತಲೆಗೆ ಹೊಳೆದ ಬುದ್ಧಿವಂತಿಕೆ, ಅವಳದಲ್ಲ. ತಿನ್ನಬಾರದು ಎಂದು ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕಿವಿಗೆ ಹಾಕಬಾರದು ಎಂದು ಬರೆಯಬೇಕಾದೀತೆಂದು ಅದನ್ನು ಮಾಡಿದವರಿಗೆ ಅನಿಸಿರಲಾರದು.

ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ತೆಳು ಲೈನಿಂಗ್ ಬಟ್ಟೆಯ ಚೂರಿನಲ್ಲಿ ಏಳೆಂಟು ಕಾಳು ಕಟ್ಟಿ, ಉಸಿರು ಬಿಗಿಹಿಡಿದು ಅವಳ ಕಿವಿಯೊಳಗೆ ಒತ್ತಿದೆ. ಮೇಲೆ ಹತ್ತಿ ತುರುಕಿದೆ. ದಿನಾ ಬೆಳಿಗ್ಗೆ ಹಳೆಯದನ್ನು ಅವಳೇ ತೆಗೆಯುವುದು, ಹೊಸದನ್ನು ನಾನು ಕಟ್ಟಿಕೊಡುವುದು. ಐದಾರು ದಿನದಲ್ಲಿ ಕಿವಿ ಒಣಗಿತು. ದಿಂಬಿನ ಮೇಲೆ ಕಲೆಯಿಲ್ಲ, ರೂಮಿನಲ್ಲಿ ನಾತವಿಲ್ಲ. ಓನರಮ್ಮ ಕೂಡ ಬಾಗಿಲಲ್ಲಿ ನಿಂತು ಮೂಗು ಮುಚ್ಚದೆ ಮಾತಾಡಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಆ ಭಾನುವಾರ ಶಾವಿಗೆ ಪಾಯಸ ಮಾಡಿ ಅವಳ ಚೊಂಬನ್ನು ನನ್ನ ಚೊಂಬಿನ ಪಕ್ಕ ಇಟ್ಟೆ. ಕೀವು ನಿಂತದ್ದು ಅದು ಮುಗಿದುದರಿಂದಲ್ಲ, ಹೊರಗೆ ಬರುವ ದಾರಿ ಮುಚ್ಚಿದ್ದರಿಂದ ಎಂದು ನಮಗೆ ಹೇಳುವವರು ಯಾರಿದ್ದರು?

ಮುಂದಿನ ವಾರ ತಲೆನೋವು ಶುರುವಾಯಿತು. ಎಡಗಡೆ, ಕಿವಿಯ ಮೇಲ್ಭಾಗದಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಜಾಸ್ತಿ. ಒಂದೆರಡು ಸಲ ವಾಂತಿ, ಮೈ ಸ್ವಲ್ಪ ಬೆಚ್ಚಗೆ. ಗಲ್ಲಿಯ ತುದಿಯ ಕ್ಲಿನಿಕ್ಕಿನಲ್ಲಿ ಯಾವ ಕಾಯಿಲೆಗೂ ಸೊಂಟಕ್ಕೆ ಸೂಜಿ ಚುಚ್ಚುವ ಒಬ್ಬನಿದ್ದ. ಅವನು ಕಿವಿಯ ಹತ್ತಿಯನ್ನು ತೆಗೆಯಲೂ ಇಲ್ಲ.

“ಮೊದ್ಲು ಸೋರ್ತಿತ್ತು, ಈಗ ನಿಂತಿದೆ ಅಂತೀರ. ಒಳ್ಳೇದೇ ಆಯ್ತಲ್ಲಮ್ಮ. ಬಿಸಿಲಿಗೆ ಬಂದಿರೋ ತಲೆನೋವು,” ಎಂದು ಸೂಜಿ ಚುಚ್ಚಿ ಕಳಿಸಿದ.

ಆಮೇಲೆ ಅವಳ ಮಾತು ಕೆಡತೊಡಗಿತು. ಮಾತು ನಿಲ್ಲಲಿಲ್ಲ, ವಸ್ತುಗಳ ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಲೈನಿನಲ್ಲಿ ಬಾಬಿನ್ ಕೇಳಲು “ಅದು ಕೊಡ್ರಿ, ಕೆಳಗ ದಾರ ಸುತ್ತಿರತೈತಲ್ಲ, ಅದು” ಎಂದಳು. ಪಕ್ಕದವರು ನಕ್ಕರು. ರೂಮಿನಲ್ಲಿ ಹೆಂಚಿನ ಮುಂದೆ ಕುಳಿತು, ಕೈಯಲ್ಲಿ ಹಿಟ್ಟು ಹಿಡಿದು, “ಅಕ್ಕಾ, ನಿನಗ ಎಷ್ಟು ಬೇಕು, ಇದು... ಇದು...” ಎಂದು ತಡವರಿಸಿದಳು. ರೊಟ್ಟಿ ಎನ್ನುವ ಮಾತು ಅವಳಿಗೆ ಸಿಗಲಿಲ್ಲ. ಕೊಪ್ಪಳದ ಹುಡುಗಿಗೆ ರೊಟ್ಟಿ ಮರೆಯುತ್ತದೆಯೇ? “ನಾಟಕ ಮಾಡ್ಬೇಡ, ಕೆಲಸಕ್ಕೆ ಹೋಗೋಕೆ ಸೋಮಾರಿತನ ನಿಂಗೆ” ಎಂದು ರೇಗಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. ಅದನ್ನೂ ನಾಟಕವೆಂದೇ ಎಣಿಸಿದೆ.

ಎರಡು ದಿನದ ನಂತರ, ಊಟದ ಗಂಟೆ ಹೊಡೆಯುವ ಮೊದಲು, ಮಷೀನಿನ ಮುಂದೆಯೇ ಅವಳಿಗೆ ಫಿಟ್ಸ್ ಬಂತು. ಬಲಗೈ, ಬಾಯಿಯ ಬಲಗಡೆ ಮೊದಲು ಅದುರಿ, ಆಮೇಲೆ ಇಡೀ ಮೈ. ಯಾರೋ ಕೈಗೆ ಬೀಗದ ಕೀ ಕೊಟ್ಟರು. ಯಾರೋ ಚಪ್ಪಲಿ ತಂದು ಮೂಗಿಗೆ ಹಿಡಿದರು. ಅದನ್ನು ಕಿತ್ತು ಎಸೆದವಳು ನಾನೇ, ಆದರೆ ಅವಳ ಕಿವಿಗೆ ನಾನು ಹಾಕಿದ್ದು ಚಪ್ಪಲಿಗಿಂತ ಮೇಲೇನಾಗಿರಲಿಲ್ಲ. ಕಂಪನಿಯ ವ್ಯಾನಿನಲ್ಲಿ ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿಂದ ಚೀಟಿ ಬರೆಸಿಕೊಂಡು ನಗರದೊಳಗಿನ ದೊಡ್ಡ ಸರ್ಕಾರಿ ಆಸ್ಪತ್ರೆ. ಸಂಜೆಯೊಳಗೆ ತಲೆಯ ಸ್ಕ್ಯಾನ್ ಆಯಿತು.

ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದ್ದು ಒಬ್ಬ ಡಾಕ್ಟರಮ್ಮ. ನನಗಿಂತ ಚಿಕ್ಕ ವಯಸ್ಸು, ನಿದ್ದೆಗೆಟ್ಟ ಮುಖ. ಮಿದುಳಿನ ಎಡಭಾಗದಲ್ಲಿ ಬಳೆಯಂಥ ಒಂದು ಬಿಳಿಯ ಸುತ್ತು, ಅದರ ನಡುವೆ ಕಪ್ಪು. ಪಕ್ಕದಲ್ಲಿ ಯಾರೋ ಪೆನ್ನಿನಿಂದ ಬಾಣ ಹಾಕಿದ್ದರು. ಕಾಲರಿನ ಮೇಲೆ ನಾನು ಅಂಟಿಸುವಂಥದೇ ಬಾಣ.

“ಮಿದುಳಲ್ಲಿ ಕೀವು ಗಂಟು ಕಟ್ಟಿದೆ,” ಎಂದರು. ಕಾಲಲ್ಲಿ ಕೀವು, ಕಂಕುಳಲ್ಲಿ ಕೀವು ಕೇಳಿದ್ದೆ. ಮಿದುಳಲ್ಲಿ?

ಚೀಟಿಯ ಹಿಂಬದಿಯಲ್ಲಿ ಅವರು ಚಿತ್ರ ಬರೆದರು. ಕಿವಿಗೂ ಮಿದುಳಿಗೂ ನಡುವೆ ಇರುವುದು ಮೊಟ್ಟೆಯ ಸಿಪ್ಪೆಯಷ್ಟು ತೆಳುವಾದ ಮೂಳೆ. ವರ್ಷಗಟ್ಟಲೆ ಸೋರುವ ಕಿವಿಯಲ್ಲಿ, ಅದರಲ್ಲೂ ಸ್ವಲ್ಪವೇ ಸೋರಿ ತುಂಬ ನಾರುವ ಕಿವಿಯಲ್ಲಿ, ಚರ್ಮದ ಹೊಟ್ಟಿನಂಥದೊಂದು ಗಡ್ಡೆ ಬೆಳೆದು ಆ ಮೂಳೆಯನ್ನು ತಿನ್ನುತ್ತ ಹೋಗುತ್ತದೆ. ದಾರಿಯಾದ ಮೇಲೆ ಕೀವು ಮಿದುಳಿಗೆ ಹತ್ತುತ್ತದೆ. ಅದು ಹರಡದಂತೆ ಮೈ ತಾನೇ ಸುತ್ತ ಒಂದು ಗೋಡೆ ಕಟ್ಟುತ್ತದೆ. ಸ್ಕ್ಯಾನಿನಲ್ಲಿ ಕಂಡ ಬಳೆ ಆ ಗೋಡೆ. ಅದು ಕೂತಿದ್ದು ವಸ್ತುಗಳಿಗೆ ಹೆಸರು ಹುಡುಕಿಕೊಡುವ ಜಾಗದ ಮೇಲೆ.

“ಅವ್ರಿಗೆ ನಾವು ಹೇಳಿದ್ದು ಅರ್ಥ ಆಗ್ತಿದೆ. ಹೆಸರು ಮಾತ್ರ ಸಿಗ್ತಿಲ್ಲ.”

“ಮಾತ್ರೆಲಿ ಕರಗಲ್ವಾ ಮೇಡಂ?”

“ಸಣ್ಣದಿದ್ರೆ ಔಷಧಿಲೇ ಹೋಗೋದುಂಟು. ಇದು ನಿಂಬೆಹಣ್ಣಿನಷ್ಟಿದೆ. ಒಡೆದ್ರೆ ಜೀವಕ್ಕೇ ಅಪಾಯ. ತಲೆಬುರುಡೆಗೆ ಸಣ್ಣ ತೂತು ಮಾಡಿ ಸೂಜಿ ಹಾಕಿ ಎಳೀತಾರೆ. ಆಮೇಲೆ ಆರೇಳು ವಾರ ರಕ್ತನಾಳಕ್ಕೆ ಆಂಟಿಬಯಾಟಿಕ್. ಫಿಟ್ಸ್ ಬರದಂಗೆ ಮಾತ್ರೆ. ಕೊನೇಲಿ ಕಿವಿ ಆಪರೇಷನ್. ಬೇರು ಅಲ್ಲೇ ಇರೋದು.”

ಅದಕ್ಕೂ ಮೊದಲು ಕಿವಿ ನೋಡಬೇಕೆಂದು ಪಕ್ಕದ ಕೋಣೆಗೆ ಕರೆದೊಯ್ದರು. ತಲೆ ಅಲುಗದಂತೆ ಹಿಡಿದುಕೊಳ್ಳಲು ನನಗೇ ಹೇಳಿದರು. ಹತ್ತಿ ತೆಗೆದರು, ಬಟ್ಟೆಯ ಚೂರು ತೆಗೆದರು. ಹಿಂದೆ ಯಾವತ್ತೋ ಕಟ್ಟಿದ ಗಂಟು ಒಳಗೇ ಬಿಚ್ಚಿ ಕಾಳುಗಳು ಅಲ್ಲೇ ಉಳಿದಿದ್ದವು. ಕೊಕ್ಕೆಯಂಥ ಸಾಧನದಿಂದ ಕಾಳುಗಳನ್ನು ಒಂದೊಂದಾಗಿ ಹೊರಗೆ ತಂದು ಸ್ಟೀಲ್ ತಟ್ಟೆಯಲ್ಲಿ ಹಾಕಿದರು. ಟಿಣ್, ಟಿಣ್. ಬೂದುಬಣ್ಣಕ್ಕೆ ತಿರುಗಿ ಕೀವು ಮೆತ್ತಿಕೊಂಡ ಸಬ್ಬಕ್ಕಿ. ಅವುಗಳ ಹಿಂದೆ ತಡೆದು ನಿಂತಿದ್ದ ಕೀವು ಹರಿದು ಬಂತು. ಕಿಟಕಿ ತೆಗೆಯಲು ಬಂದ ಆಯಾ ಮೂಗು ಮುಚ್ಚಿಕೊಂಡು ಹೊರಗೆ ಹೋದಳು. ನಾನು ಹೋಗುವ ಹಾಗಿರಲಿಲ್ಲ. ಆ ನಾತವೆಲ್ಲ ನನ್ನ ಬಾಯಿ, ಗಂಟಲು ತುಂಬಿತು.

“ಏನಮ್ಮ ಇದು? ಯಾರು ಹಾಕಿದ್ದು ಇದನ್ನ?”

“ಗೊತ್ತಿಲ್ಲ ಮೇಡಂ. ಅವಳೇ ಹಾಕ್ಕೊಂಡಿರ್ಬೇಕು,” ಎಂದೆ.

ನನ್ನ ಎರಡು ಅಂಗೈಗಳ ನಡುವೆ ಇದ್ದ ಆ ಮುಖ ನನ್ನನ್ನೇ ನೋಡುತ್ತಿತ್ತು. “ಅದು... ಅದು...” ಎಂದಳು. ತುಟಿ ಅಲುಗಿತು, ಮಾತು ಬರಲಿಲ್ಲ. ಡಾಕ್ಟರಮ್ಮ “ಆಯ್ತಮ್ಮ, ಸುಸ್ತು ಮಾಡ್ಕೋಬೇಡಿ” ಎಂದು ಸಮಾಧಾನ ಮಾಡಿದರು. ಹೇಸಿಗೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ಹೊತ್ತಿಗೆ. ತಟ್ಟೆಯಲ್ಲಿದ್ದುದನ್ನು ತೊಳೆಯಬಹುದಿತ್ತು.

ಮಾರನೆಯ ದಿನ ಅರ್ಧ ತಲೆ ಬೋಳಿಸಿ ತೂತು ಕೊರೆದು ಕೀವು ತೆಗೆದರು. ಲ್ಯಾಬಿಗೆ ಒಯ್ಯುವವರು ಇರಲಿಲ್ಲವೆಂದು ನರ್ಸು ಮೊಹರು ಮಾಡಿದ ಸಿರಿಂಜನ್ನು ನನ್ನ ಕೈಗೆ ಕೊಟ್ಟು, “ಬೇಗ ಕೊಟ್ಟು ಬನ್ನಿ, ಯಾವ ಕ್ರಿಮಿ ಅಂತ ಗೊತ್ತಾದ್ರೇನೇ ಸರಿಯಾದ ಔಷಧಿ ಹಾಕೋದು” ಎಂದಳು. ಹಸಿರುಗಟ್ಟಿದ ಹಳದಿ, ದಪ್ಪ ಗಂಜಿಯಂಥದು. ಕೈಗೆ ಇನ್ನೂ ಬೆಚ್ಚಗಿತ್ತು. ಬೇರೆಯವರ ಲೋಟ ಮುಟ್ಟಲು ಅಸಹ್ಯಪಡುವ ನಾನು ಒಬ್ಬಳ ಮಿದುಳಿನ ಕೀವು ಹಿಡಿದು ಎರಡು ಮಹಡಿ ಇಳಿದು ಓಡಿದೆ. ಹತ್ತು ದಿನದ ನಂತರ ಮತ್ತೆ ಸ್ಕ್ಯಾನ್ ಮಾಡಿದಾಗ ಇನ್ನೂ ಸ್ವಲ್ಪ ಕೀವು ಕೂಡಿಕೊಂಡಿತ್ತು. ಅದೇ ತೂತಿನಿಂದ ಇನ್ನೊಮ್ಮೆ ಎಳೆದರು. ಆಗಲೂ ನಾನೇ ಒಯ್ದೆ.

ಅವಳ ತಾಯಿ ಊರಿನಿಂದ ಬಂದರು. ವಾರ್ಡಿನ ಎಲ್ಲರ ಮುಂದೆ ನನ್ನ ಎರಡೂ ಕೈ ಹಿಡಿದು, “ನೀ ಇದ್ದೀ ಅಂತ ನನ್ನ ಮಗಳು ಉಳಿದ್ಳವ್ವಾ” ಎಂದು ಅತ್ತರು. ಕೈ ಬಿಡಿಸಿಕೊಂಡು ಬಚ್ಚಲಿಗೆ ಹೋಗಿ ಸೋಪು ಹಾಕಿ ಮೂರು ಸಲ ತೊಳೆದೆ.

ಇಂಜೆಕ್ಷನ್ನಿನ ವಾರಗಳು ಎಳೆದುಕೊಂಡು ಹೋದವು. ಒಂದು ಕೈಯ ನರ ಊದಿದರೆ ಇನ್ನೊಂದು ಕೈ, ಅದೂ ಊದಿದರೆ ಕಾಲು. ಅವಳಿಗೆ ಹೆಸರುಗಳು ಒಂದೊಂದಾಗಿ ವಾಪಸು ಬರುತ್ತಿದ್ದವು. ಡಾಕ್ಟರಮ್ಮ ದಿನಾ ಬಂದು ಪೆನ್ನು, ಗಡಿಯಾರ, ಕೀ, ಲೋಟ ತೋರಿಸುವರು. ಮೊದಲು “ಬರಿಯೂದು” ಎನ್ನುತ್ತಿದ್ದವಳು ಒಂದು ದಿನ “ಪೆನ್ನು” ಎಂದಳು. ಮರುದಿನ “ಕೀಲಿ”. “ರೊಟ್ಟಿ” ಎಂದ ದಿನ ತಾಯಿ ಹಾಸಿಗೆಯ ಮೇಲೆ ಕುಸಿದು ಅತ್ತರು. ನಾನೂ ಅತ್ತೆ. ಆದರೆ ಪ್ರತಿ ಹೊಸ ಮಾತನ್ನೂ ಒಳಗೊಳಗೇ ಎಣಿಸುತ್ತಿದ್ದೆ. ಬಾಬಿನ್ ಬಂತು, ಕಾಲರ್ ಬಂತು. ಇನ್ನು ಜೆಲ್ ಬರಲು ಎಷ್ಟು ದಿನ? ಅವಳು ಗುಣವಾಗಲೆಂದು ದೇವರಿಗೆ ಕೈಮುಗಿಯುವಾಗಲೇ, ಆ ಒಂದು ಮಾತು ಮಾತ್ರ ಬರದಿರಲಿ ಎಂದು ಮನಸ್ಸಿನ ಮೂಲೆಯಲ್ಲಿ ಕೇಳಿಕೊಂಡದ್ದುಂಟು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಕೇಳಿಕೊಂಡದ್ದು ನಿಜ.

ಒಂದು ಮಧ್ಯಾಹ್ನ ತಾಯಿ ಔಷಧಿ ತರಲು ಹೋಗಿದ್ದರು. ನಾನು ಅವಳಿಗೆ ಮೊಸರನ್ನ ತಿನ್ನಿಸುತ್ತಿದ್ದೆ. ಅವಳು ಬಾಯಿ ಒರೆಸಿಕೊಂಡು ನಿಧಾನವಾಗಿ ಹೇಳಿದಳು.

“ಜೆಲ್. ನೀ ಕೊಟ್ಟಿದ್ದಿ.”

ಚಮಚವನ್ನು ತಟ್ಟೆಯಲ್ಲಿಟ್ಟೆ.

“ಅವತ್ತ ಅವರು ಕೇಳಿದಾಗ ನನಗ ಎಲ್ಲಾ ತಿಳೀತಿತ್ತಕ್ಕಾ. ಹೇಳಬೇಕಂತ ಭಾಳ ಹುಡುಕಿದೆ. ಮಾತು ಸಿಗಲಿಲ್ಲ. ನಿನಗ ಸಿಗತಿತ್ತಲ್ಲ.”

ಅವಳು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆನೇನೋ. ತಟ್ಟೆ ಕೆಳಗಿಟ್ಟು ನೇರ ಡಾಕ್ಟರಮ್ಮನ ಹತ್ತಿರ ಹೋಗಿ ಹೇಳಿಬಿಟ್ಟೆ. ಅವರು ಬರೆಯುವುದನ್ನು ನಿಲ್ಲಿಸಿದರು.

“ಮೂಳೆ ತಿಂದಿದ್ದು ವರ್ಷಗಳಿಂದ. ನೀವು ಹಾಕದೆ ಇದ್ದಿದ್ರೂ ಒಂದಿನ ಬರ್ತಿತ್ತೇನೋ, ನಾನು ಹೇಳಕ್ಕಾಗಲ್ಲ. ಆದ್ರೆ ಹೊರಗೆ ಬರೋ ದಾರಿನ ಮುಚ್ಚಿದ್ರಿ. ಕಿವಿ ಸೋರೋದು ನಿಂತು ತಲೆನೋವು ಬಂದ್ರೆ ಓಡ್ಬರ್ಬೇಕು ಅಂತ ನಿಮ್ ಫ್ಯಾಕ್ಟರಿಲಿ ಎಲ್ರಿಗೂ ಹೇಳಿ.” ಮತ್ತೆ ಬರೆಯತೊಡಗಿದರು.

ಮೂರು ತಿಂಗಳ ನಂತರ ಕಿವಿಯ ಆಪರೇಷನ್ ಆಯಿತು. ಹಿಂಬದಿಯ ಕೊಳೆತ ಮೂಳೆಯನ್ನೆಲ್ಲ ಕೆರೆದು ತೆಗೆದರು. ಮತ್ತೆ ನಾತ ಬಂದರೆ ತಡಮಾಡದೆ ಬನ್ನಿ ಎಂದರು. ಅವಳ ವಾಸನೆ ಅವಳಿಗೆ ಗೊತ್ತಾಗುವುದಿಲ್ಲವಲ್ಲ. ತಾಯಿ ಊರಿಗೆ ಕರೆದರೂ ಹೋಗದೆ ಅವಳು ನನ್ನ ರೂಮಿಗೇ ಮರಳಿದಳು.

ದಿನಾ ಬೆಳಿಗ್ಗೆ ಫ್ಯಾಕ್ಟರಿಗೆ ಹೊರಡುವ ಮೊದಲು ಅವಳು ಹೊಸ್ತಿಲಲ್ಲಿ ಬೆಳಕಿಗೆ ಕುಳಿತು ಕೂದಲು ಸರಿಸಿ ಎಡಗಿವಿ ತಿರುಗಿಸುವಳು.

“ಮೂಸಿ ನೋಡಕ್ಕಾ.”

ಬಗ್ಗಿ ಮೂಸುವೆ. ಸೋಪಿನ ವಾಸನೆ, ಸ್ವಲ್ಪ ಔಷಧಿಯ ವಾಸನೆ.

“ಏನಿಲ್ಲ,” ಎನ್ನುವೆ.

“ಖರೇನಾ?” ಎಂದು ಅವಳು ಕೇಳುವಳು. ದಿನಾ ಕೇಳುವಳು, ಒಂದು ದಿನವೂ ಬಿಡದೆ. ನಾನು ಮತ್ತೊಮ್ಮೆ ಬಗ್ಗಿ ಮೂಸುವೆ.